ದಾರಿಯಿಲ್ಲದ ಬಂಡಿ: ರೈಲು ವಸ್ತುಸಂಗ್ರಹಾಲಯಗಳನ್ನು ಕುರಿತು ಒಂದು ವಿಮರ್ಶೆ

ಗ್ರಂಥವನ್ನೂ ನಾಟಕವನ್ನೂ ವಿಮರ್ಶಿಸುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬೆಳೆದುಬಂದಿದೆ. ಶಿಲ್ಪ, ಚಿತ್ರಗಳ ವಿಮರ್ಶೆಯೂ ತಕ್ಕಮಟ್ಟಿಗೆ ನಡೆಯುತ್ತಿದೆ. ಆದರೆ ವಸ್ತುಸಂಗ್ರಹಾಲಯವೊಂದನ್ನು ಕೃತಿಯೆಂದು ಭಾವಿಸಿ, ಅದು ಏನನ್ನು ಹೇಳಹೊರಟಿದೆ, ಹೇಳಬೇಕಾದುದರಲ್ಲಿ ಎಷ್ಟನ್ನು ಹೇಳಿದೆ, ಯಾವುದನ್ನು ಬಿಟ್ಟಿದೆ ಎಂದು ತೂಗಿ ನೋಡುವ ವಾಡಿಕೆ ಇನ್ನೂ ಬೇರೂರಿಲ್ಲ. ಸಂಗ್ರಹಾಲಯವೆಂದರೆ ಹಳೆಯ ವಸ್ತುಗಳನ್ನು ಕೂಡಿಟ್ಟ ಉಗ್ರಾಣ, ಅದರಲ್ಲಿ ವಿಮರ್ಶಿಸುವುದಕ್ಕೆ ಏನಿದೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಈ ಭಾವನೆ ಸರಿಯಲ್ಲ. ಸಾವಿರ ವಸ್ತುಗಳಲ್ಲಿ ಹತ್ತನ್ನು ಆರಿಸಿಕೊಂಡು ಉಳಿದವನ್ನು ಗುಜರಿಗೆ ಕಳುಹಿಸುವುದು, ಆ ಹತ್ತರಲ್ಲಿ ಒಂದನ್ನು ಮಂಟಪದೊಳಗಿರಿಸಿ ಇನ್ನೊಂದನ್ನು ಬಯಲಿನಲ್ಲಿ ನಿಲ್ಲಿಸುವುದು, ಇವೆಲ್ಲವೂ ಅಭಿಪ್ರಾಯದ ಪ್ರಕಟಣೆಯೇ. ಅಭಿಪ್ರಾಯವಿದ್ದೆಡೆಯಲ್ಲಿ ವಿಮರ್ಶೆಗೂ ಎಡೆಯುಂಟು.

ಪ್ರಸ್ತುತ ಲೇಖನದಲ್ಲಿ ನಾವು ಎರಡು ಸಂಗ್ರಹಾಲಯಗಳನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಮೊದಲನೆಯದು ಮೈಸೂರಿನ ರೈಲು ವಸ್ತುಸಂಗ್ರಹಾಲಯ. ಎರಡನೆಯದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ ಅರಸಾಳು ನಿಲ್ದಾಣದ ಮಾಲ್ಗುಡಿ ಸಂಗ್ರಹಾಲಯ. ಇವೆರಡನ್ನೂ ಅಳೆಯುವುದಕ್ಕೆ ಒಂದು ರೈಲುಮಾರ್ಗವನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ. ಅದು ಶಿವಮೊಗ್ಗದಿಂದ ಹೊರಟು ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ತಾಳಗುಪ್ಪದಲ್ಲಿ ಮುಗಿಯುವ ಮಾರ್ಗ. ಲಿಂಗನಮಕ್ಕಿಯ ಅಣೆಕಟ್ಟಿಗೂ ಜೋಗದ ಜಲಪಾತಕ್ಕೂ ರೈಲಿನಲ್ಲಿ ಹೋಗುವವರು ಇಳಿಯಬೇಕಾದ ಕೊನೆಯ ನಿಲ್ದಾಣ ತಾಳಗುಪ್ಪವೇ. ಮೈಸೂರು ಸಂಸ್ಥಾನದ ರೈಲಿನ ವಿಸ್ತರಣೆ, ರೈತರ ಚಳವಳಿ, ವಿದ್ಯುತ್ತಿನ ಯೋಜನೆ, ಊರುಗಳ ಮುಳುಗಡೆ, ಹಳಿಯ ಅಗಲೀಕರಣ, ಇಷ್ಟೂ ಸಂಗತಿಗಳು ಈ ಒಂದು ಮಾರ್ಗದ ಇಕ್ಕೆಲಗಳಲ್ಲಿ ನಡೆದಿವೆ. ರೈಲಿನ ಇತಿಹಾಸವನ್ನು ಹೇಳುತ್ತೇವೆಂದು ಹೊರಟ ಸಂಗ್ರಹಾಲಯ ಇಂತಹ ಮಾರ್ಗವೊಂದರ ವಿಷಯದಲ್ಲಿ ಏನು ಹೇಳಬಲ್ಲದು? ಇದು ನಮ್ಮ ಪ್ರಶ್ನೆ. ಬಂಡಿಯನ್ನು ಉಳಿಸುವುದು ಒಂದು ಕೆಲಸ, ಮಾರ್ಗದ ನೆನಪನ್ನು ಉಳಿಸುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತೆಂದು ನಂಬುವುದು ತಪ್ಪು ಎಂಬುದನ್ನು ತೋರಿಸಲು ಮುಂದೆ ಪ್ರಯತ್ನಿಸಿದ್ದೇವೆ.

೧

ರೈಲ್ವೆಯ ಚರಿತ್ರೆಗಾಗಿಯೇ ಮೀಸಲಾದ ರಾಷ್ಟ್ರೀಯ ಸಂಗ್ರಹಾಲಯ ದೆಹಲಿಯ ಚಾಣಕ್ಯಪುರಿಯಲ್ಲಿ ೧೯೭೭ರಲ್ಲಿ ತೆರೆಯಿತು. ಅದಾದ ಎರಡು ವರ್ಷಗಳಿಗೆ, ಎಂದರೆ ೧೯೭೯ರಲ್ಲಿ, ಮೈಸೂರಿನ ಸಂಗ್ರಹಾಲಯ ಸ್ಥಾಪಿತವಾಯಿತು. ಕೃಷ್ಣರಾಜಸಾಗರದ ರಸ್ತೆಯಲ್ಲಿ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎದುರಿಗೆ, ಮೈಸೂರು ನಿಲ್ದಾಣದ ಮಗ್ಗುಲಲ್ಲೇ ಅದು ಇದೆ. ಸ್ಥಳದ ಆಯ್ಕೆ ಪ್ರಶಂಸನೀಯವಾದುದು. ಗೋಡೆಯಾಚೆ ಓಡಾಡುವ ಬಂಡಿಗಳ ಸದ್ದು, ಈಚೆ ನಿಂತುಹೋದ ಬಂಡಿಗಳ ಮೌನ. ನೋಡುವವನ ಮನಸ್ಸಿನಲ್ಲಿ ಇವೆರಡೂ ಕೂಡಿ ಕಾಲದ ಅರಿವನ್ನು ತಾವಾಗಿಯೇ ಮೂಡಿಸುತ್ತವೆ. ವಸ್ತುಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಬಂಧಿಸದೆ ಬಯಲಿನಲ್ಲಿ ನಿಲ್ಲಿಸಿರುವುದೂ ಗುಣವೇ. ಮಕ್ಕಳಿಗಾಗಿ ಓಡಿಸುವ ಪುಟ್ಟ ರೈಲು ಪಂಡಿತರ ದೃಷ್ಟಿಗೆ ಆಟಿಕೆಯಾಗಿ ಕಾಣಬಹುದು. ಆದರೆ ಸಂಗ್ರಹಾಲಯಕ್ಕೆ ಮುಂದಿನ ತಲೆಮಾರನ್ನು ಕರೆತರುವ ಕೆಲಸವನ್ನು ಆ ಆಟಿಕೆ ಮಾಡುತ್ತಿದೆಯೆಂಬುದನ್ನು ಮರೆಯಲಾಗದು.

ಸಂಗ್ರಹದಲ್ಲಿ ಮೂರು ವಸ್ತುಗಳು ವಿಶೇಷವಾಗಿ ವಿಚಾರಾರ್ಹವಾದುವು. ಒಂದು, ಇ.ಎಸ್. ವರ್ಗದ ೫೦೬ನೆಯ ಉಗಿ ಎಂಜಿನು. ಇದು ೪-೬-೨ ಎಂಬ ಗಾಲಿವಿನ್ಯಾಸದ್ದು. ಮುಂದೆ ದಾರಿ ಹಿಡಿದು ನಡೆಸುವ ನಾಲ್ಕು ಗಾಲಿ, ನಡುವೆ ಉಗಿಯ ಬಲದಿಂದ ತಿರುಗಿ ಬಂಡಿಯನ್ನೆಳೆಯುವ ಆರು ಗಾಲಿ, ಹಿಂದೆ ಒಲೆಯ ಭಾರವನ್ನು ಹೊರುವ ಎರಡು ಗಾಲಿ. ಎರಡು, ಹಳಿಯ ಮೇಲೆ ಓಡುವಂತೆ ರೂಪಿಸಿದ ಆಸ್ಟಿನ್ ಮೋಟಾರು ಕಾರು. ಮೂರು, ಮೈಸೂರು ಅರಸುಮನೆತನದ ಬಂಡಿಗಳು. ಇವುಗಳಲ್ಲಿ ೧೮೯೯ರ ಕಾಲದ ಮಹಾರಾಣಿಯವರ ಸಲೂನು ಪ್ರಸಿದ್ಧವಾದುದು. ಅಡುಗೆಯ ಮನೆ, ಊಟದ ಕೊಠಡಿ, ಶೌಚಗೃಹಗಳೆಲ್ಲವೂ ಅದರ ಅಂಗವಾಗಿವೆ. ರಾಜಮನೆತನದ ಬಂಡಿಗಳಿಗೆ ಶ್ರೀರಂಗ ಎಂಬ ಮಂಟಪವನ್ನೂ, ಛಾಯಾಚಿತ್ರ ಮತ್ತು ವರ್ಣಚಿತ್ರಗಳಿಗೆ ಚಾಮುಂಡಿ ಎಂಬ ಚಿತ್ರಶಾಲೆಯನ್ನೂ ಏರ್ಪಡಿಸಿದ್ದಾರೆ.

ಈ ಮೂರರಲ್ಲಿ ಜನ ಹೆಚ್ಚಾಗಿ ಮುತ್ತುವುದು ಸಲೂನನ್ನು. ಸಂಗ್ರಹಾಲಯದ ವ್ಯವಸ್ಥೆಯೂ ಅದಕ್ಕೇ ಅಗ್ರಪೂಜೆಯನ್ನು ಸಲ್ಲಿಸಿದೆ. ಇದರಲ್ಲಿ ಆಶ್ಚರ್ಯವಿಲ್ಲ. ಅದು ಬಡಗಿಯ ಕೌಶಲಕ್ಕೆ ಒಳ್ಳೆಯ ಸಾಕ್ಷಿ. ಓಡುವ ಬಂಡಿಯಲ್ಲಿ ಅರಮನೆಯ ಸುಖವನ್ನು ಒದಗಿಸುವುದು ಸಾಮಾನ್ಯ ಸಾಹಸವೂ ಅಲ್ಲ. ಆದರೆ ಮೈಸೂರು ಸೀಮೆಯ ರೈಲಿನ ಕಥೆ ಸಲೂನಿನಿಂದ ಪ್ರಾರಂಭವಾಗುವುದಿಲ್ಲ. ೧೮೭೬ರಿಂದ ೧೮೭೮ರವರೆಗೆ ಈ ನಾಡನ್ನು ಘೋರವಾದ ಕ್ಷಾಮ ಕಾಡಿತು. ಹಸಿದ ಜನಕ್ಕೆ ಕೂಲಿಯನ್ನು ಕಲ್ಪಿಸುವ ಪರಿಹಾರಕಾರ್ಯವಾಗಿ ಬೆಂಗಳೂರು-ಮೈಸೂರು ಮಾರ್ಗದ ಮಣ್ಣಿನ ಕೆಲಸವನ್ನು ಕೈಗೊಂಡರು. ೧೮೮೨ರಲ್ಲಿ ಮೀಟರ್ ಗೇಜಿನ ಹಳಿ ಮೈಸೂರನ್ನು ಮುಟ್ಟಿತು. ಮಹಾರಾಣಿಯವರ ಸಲೂನು ಮೈಸೂರು ನಿಲ್ದಾಣದಿಂದ ಹೊರಟಾಗಲೆಲ್ಲ ಅದರ ಗಾಲಿಗಳ ಅಡಿಯಲ್ಲಿದ್ದುದು ಕ್ಷಾಮಪೀಡಿತರು ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣು. ಸಲೂನನ್ನು ಉಳಿಸಬಹುದು, ಬುಟ್ಟಿಯನ್ನು ಯಾರೂ ಉಳಿಸುವುದಿಲ್ಲ. ಹಾಗೆಂದ ಮಾತ್ರಕ್ಕೆ ಬುಟ್ಟಿಯ ಕಥೆಯನ್ನು ಬಿಟ್ಟು ಸಲೂನಿನ ಕಥೆಯನ್ನು ಹೇಳಿದರೆ ಅರ್ಧ ಚರಿತ್ರೆಯನ್ನು ಹೇಳಿದಂತಾಗುವುದೇ ಹೊರತು ಪೂರ್ಣ ಚರಿತ್ರೆಯನ್ನಲ್ಲ.

ಎಂಜಿನಿನ ವಿಷಯದಲ್ಲೂ ಇದೇ ಮಾತನ್ನು ಹೇಳಬೇಕಾಗಿದೆ. ಉಗಿ ಎಂಜಿನು ತಾನಾಗಿ ಓಡುವ ಯಂತ್ರವಲ್ಲ. ಹೊರಡುವುದಕ್ಕೆ ಎಷ್ಟೋ ಗಂಟೆಗಳ ಮುಂಚೆ ಒಲೆ ಹೊತ್ತಬೇಕು, ಬಾಯ್ಲರಿನ ನೀರು ಕಾಯಬೇಕು, ದಾರಿಯಲ್ಲಿ ನಿಂತು ನೀರು ತುಂಬಿಕೊಳ್ಳಬೇಕು. ಡ್ರೈವರು ದಾರಿಯನ್ನು ನೋಡುತ್ತಿದ್ದರೆ ಫೈರ್‌ಮನ್ನು ಬೆಂಕಿಯನ್ನು ನೋಡುತ್ತಿರಬೇಕು. ಹಳಿಯ ಉದ್ದಕ್ಕೂ ದಿನವೂ ನಡೆದು ಸಡಿಲವಾದ ಕೀಲನ್ನು ಬಡಿದು ಬಿಗಿಮಾಡುವ ಗ್ಯಾಂಗ್‌ಮನ್ನುಗಳಿಲ್ಲದಿದ್ದರೆ ಇವರಿಬ್ಬರ ಶ್ರಮವೂ ವ್ಯರ್ಥ. ತಣ್ಣಗಾಗಿ, ಬಣ್ಣ ಬಳಿದುಕೊಂಡು ನಿಂತ ಎಂಜಿನನ್ನು ನೋಡಿದವನಿಗೆ ಅದರ ಗಾತ್ರ ತಿಳಿಯುತ್ತದೆ. ಅದರ ದುಡಿಮೆ ತಿಳಿಯುವುದಿಲ್ಲ. ವಿಚಿತ್ರವೆಂದರೆ, ಈ ದೃಷ್ಟಿಯಿಂದ ನೋಡಿದಾಗ ಸಂಗ್ರಹದ ಅತ್ಯಂತ ಬೋಧಪ್ರದವಾದ ವಸ್ತು ಎಂಜಿನೂ ಅಲ್ಲ, ಸಲೂನೂ ಅಲ್ಲ, ಆ ಚಿಕ್ಕ ಆಸ್ಟಿನ್ ಕಾರು. ರಸ್ತೆಗೆಂದು ಹುಟ್ಟಿದ ವಾಹನವೊಂದು ಗಾಲಿಯನ್ನು ಬದಲಿಸಿಕೊಂಡು ಹಳಿಯ ಮೇಲೆ ನಿಂತಿರುವುದನ್ನು ಕಂಡೊಡನೆ, ಇದನ್ನು ಯಾರು ಓಡಿಸಿದರು, ಯಾವ ಕೆಲಸಕ್ಕೆ ಬಳಸಿದರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಪ್ರಶ್ನೆಯನ್ನು ಎಬ್ಬಿಸುವ ವಸ್ತುವೇ ಸಂಗ್ರಹಾಲಯದ ಜೀವಾಳ.

೨

ಇನ್ನು ತಾಳಗುಪ್ಪದ ಮಾರ್ಗಕ್ಕೆ ಬರೋಣ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು ೧೮೯೯ರಲ್ಲಿ. ಮಹಾರಾಣಿಯವರ ಸಲೂನಿಗೂ ಅದಕ್ಕೂ ಒಂದೇ ವಯಸ್ಸು. ಅಲ್ಲಿಂದ ಪಶ್ಚಿಮಕ್ಕೆ ಹಳಿ ಮುಂದುವರಿಯಲು ಮೂರು ದಶಕಗಳು ಕಾಯಬೇಕಾಯಿತು. ೧೯೩೦ರ ದಶಕದಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ಮಲೆನಾಡಿನ ಕಾಡನ್ನು ಹೊಕ್ಕು ಹಂತಹಂತವಾಗಿ ನಡೆದು, ೧೯೪೦ರಲ್ಲಿ ತಾಳಗುಪ್ಪವನ್ನು ಸೇರಿತು. ನೂರಕ್ಕೆ ಕೊಂಚ ಕಡಿಮೆ ಕಿಲೋಮೀಟರುಗಳ ಈ ಮಾರ್ಗ ಅಲ್ಲಿಗೇ ನಿಂತಿತು. ಘಟ್ಟವನ್ನಿಳಿದು ಹೊನ್ನಾವರಕ್ಕೆ ಹೋಗಬೇಕೆಂಬ ಮಾತು ಹಲವು ಬಾರಿ ಎದ್ದು, ಅಳತೆಗಳಾಗಿ, ಕಾಗದದಲ್ಲಿಯೇ ಉಳಿದಿದೆ. ಹೀಗೆ ತಾಳಗುಪ್ಪದ ಪ್ಲಾಟ್‌ಫಾರಮ್ಮಿನ ಕೊನೆ ಕೇವಲ ಹಳಿಯ ಕೊನೆಯಲ್ಲ, ಒಂದು ಸಂಕಲ್ಪದ ಕೊನೆಯೂ ಹೌದು.

ಹಳಿಯ ಕೊನೆಯಿಂದ ಸುಮಾರು ಹದಿನೈದು ಕಿಲೋಮೀಟರು ದೂರದಲ್ಲಿ ಶರಾವತಿ ಧುಮುಕುತ್ತಾಳೆ. ಅಲ್ಲಿ ೧೯೪೮ರಲ್ಲಿ ಜಲವಿದ್ಯುತ್ತಿನ ಆಗಾರ ಪ್ರಾರಂಭವಾಯಿತು. ಇಂದು ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿದೆ. ಅದಕ್ಕೆ ನೀರೂಡಿಸುವ ಸಲುವಾಗಿ ಹಿರೇಭಾಸ್ಕರದಲ್ಲಿ ಅಣೆಕಟ್ಟನ್ನು ಕಟ್ಟಿದರು. ಮುಂದೆ ಲಿಂಗನಮಕ್ಕಿಯಲ್ಲಿ ಎರಡೂ ಮುಕ್ಕಾಲು ಕಿಲೋಮೀಟರು ಉದ್ದದ ಹೊಸ ಅಣೆಕಟ್ಟು ೧೯೬೪ರಲ್ಲಿ ಎದ್ದು ನಿಂತಿತು. ಸಮುದ್ರಮಟ್ಟದಿಂದ ೧೮೧೯ ಅಡಿಯವರೆಗೆ ನೀರು ಏರಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳೂ ಊರುಗಳೂ ಮುಳುಗಿದುವು. ಹಿರೇಭಾಸ್ಕರದ ಅಣೆಕಟ್ಟು ತಾನೇ ಆ ನೀರಿನಲ್ಲಿ ಮುಳುಗಿ, ನೀರು ತೀರ ಇಳಿದ ಬೇಸಗೆಗಳಲ್ಲಿ ಮಾತ್ರ ಮೈದೋರುತ್ತದೆ. ಶರಾವತಿ ಕಣಿವೆಯ ವಿದ್ಯುದಾಗಾರದ ಹತ್ತು ಘಟಕಗಳು ೧೦೩೫ ಮೆಗಾವಾಟಿನ ಶಕ್ತಿಯುಳ್ಳವು. ನಾಡಿಗೆ ಬೆಳಕು ಬಂದಿತು. ಸಾವಿರಾರು ಕುಟುಂಬಗಳು ತೋಟ ಗದ್ದೆಗಳನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ರೈಲುಮಾರ್ಗ ಮುಳುಗಡೆಯಿಂದ ಪಾರಾಗಿ ಪೂರ್ವದ ದಿಕ್ಕಿನಲ್ಲಿ ಉಳಿಯಿತು. ಮುಳುಗಿದ ಊರಿನವರ ಪಾಲಿಗೆ ಹಿಂದಿನ ಭೂಗೋಳದಲ್ಲಿ ಸ್ಥಿರವಾಗಿ ಉಳಿದ ಕೆಲವೇ ಗೆರೆಗಳಲ್ಲಿ ಈ ಹಳಿಯ ಗೆರೆಯೂ ಒಂದು.

ರಾಜಕೀಯದ ಚರಿತ್ರೆಗೂ ಈ ಮಾರ್ಗಕ್ಕೂ ಹತ್ತಿರದ ಸಂಬಂಧವಿದೆ. ೧೯೫೧ರ ಏಪ್ರಿಲ್ ೧೪ರಂದು ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಅದೇ ಏಪ್ರಿಲ್ ತಿಂಗಳಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿರೈತರ ಸತ್ಯಾಗ್ರಹ ಪ್ರಾರಂಭವಾಯಿತು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಪ್ರಮಾಣ ಎಷ್ಟಿರಬೇಕೆಂಬ ಪ್ರಶ್ನೆಯಿಂದ ಹುಟ್ಟಿದ ಆ ಚಳವಳಿ ಉಳುವವನಿಗೆ ಭೂಮಿಯ ಹಕ್ಕು ಬೇಕೆಂಬವರೆಗೆ ಬೆಳೆಯಿತು. ಅದಕ್ಕೆ ಬೆಂಬಲವಾಗಿ ಬಂದ ರಾಮಮನೋಹರ ಲೋಹಿಯಾ ಅವರನ್ನು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿ. ಸಂಸ್ಥಾನದ ರೈಲ್ವೆ ಹೆಸರಿಲ್ಲದಂತಾದ ವರ್ಷವೇ ಅದರ ಒಂದು ನಿಲ್ದಾಣಕ್ಕೆ ಹೀಗೆ ಚರಿತ್ರೆಯಲ್ಲಿ ಹೆಸರು ಬಂದಿತು. ಕಂದಾಯದ ಕಾಗದ, ನ್ಯಾಯಾಲಯದ ಕಾಗದಗಳಷ್ಟೇ ಅಲ್ಲ, ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚೂ ಭೂಸುಧಾರಣೆಯ ಚರಿತ್ರೆಗೆ ಆಕರವಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಕೊನೆಯ ಅಧ್ಯಾಯ ಹಳಿಯ ಅಗಲಕ್ಕೆ ಸಂಬಂಧಿಸಿದುದು. ಮೀಟರ್ ಗೇಜಿನ ಎರಡು ಹಳಿಗಳ ನಡುವಿನ ಅಂತರ ಮೂರು ಅಡಿ ಮೂರು ಅಂಗುಲಕ್ಕೆ ಸ್ವಲ್ಪ ಮೇಲೆ. ಬ್ರಾಡ್ ಗೇಜಿನಲ್ಲಿ ಅದು ಐದೂವರೆ ಅಡಿ. ಬೀರೂರು, ಶಿವಮೊಗ್ಗಗಳವರೆಗಿನ ಹಳಿ ಅಗಲವಾದಮೇಲೆ ತಾಳಗುಪ್ಪದ ಕೊಂಡಿ ಒಂಟಿಯಾಗಿ ಉಳಿಯಿತು. ದೂರದ ಊರಿನ ಬಂಡಿ ಇತ್ತ ಬರಲಾರದು, ಇಲ್ಲಿಯ ಬಂಡಿ ಶಿವಮೊಗ್ಗವನ್ನು ದಾಟಲಾರದು. ಆ ಕೊನೆಯ ವರ್ಷಗಳಲ್ಲಿ ಈ ಹಳಿಯ ಮೇಲೆ ಓಡಿದ್ದು ರೈಲ್ ಬಸ್ಸು. ಬಸ್ಸಿನ ಆಕಾರ, ಡೀಸೆಲಿನ ಯಂತ್ರ, ರೈಲಿನ ಗಾಲಿ. ಬಳಿಕ ಹಳೆಯ ಹಳಿಯನ್ನು ಕಿತ್ತು ಹೊಸದನ್ನು ಹಾಸಿದರು. ೨೦೧೧ರ ವೇಳೆಗೆ ತಾಳಗುಪ್ಪಕ್ಕೆ ಬ್ರಾಡ್ ಗೇಜಿನ ರೈಲು ಬಂದಿತು. ಇದರಿಂದ ಜನಕ್ಕೆ ಆದ ಉಪಕಾರ ನಿರ್ವಿವಾದವಾದುದು. ಬೆಂಗಳೂರಿನಲ್ಲಿ ಹತ್ತಿದವರು ಬಂಡಿ ಬದಲಿಸದೆ ಸಾಗರದಲ್ಲಿ ಇಳಿಯುತ್ತಾರೆ. ಆದರೆ ಅಗಲೀಕರಣವೆಂಬುದು ಹಳಿಯನ್ನು ಮಾತ್ರವಲ್ಲದೆ ನಿಲ್ದಾಣ, ಸಿಗ್ನಲ್ಲು, ಸೇತುವೆ, ಬಂಡಿಗಳೆಲ್ಲವನ್ನೂ ಒಂದೇ ಸಲಕ್ಕೆ ನಿರುಪಯೋಗಿ ಮಾಡುತ್ತದೆ. ಒಂದು ಕಾಲದ ಸಾಮಗ್ರಿಯೆಲ್ಲ ಒಟ್ಟಿಗೆ ಗುಜರಿಯಾಗುವ ಆ ಕ್ಷಣವೇ ಸಂಗ್ರಹಾಲಯದವರು ಎಚ್ಚರವಾಗಿರಬೇಕಾದ ಕ್ಷಣ.

೩

ಈ ಮಾರ್ಗದ ನಡುವಿನ ಅರಸಾಳಿನಲ್ಲಿ ಅಂತಹ ಎಚ್ಚರ ಒಂದು ಬಗೆಯಲ್ಲಿ ಒದಗಿಬಂದಿತು. ಅದರ ಕಥೆ ಸ್ವಾರಸ್ಯವಾದುದು. ಆರ್. ಕೆ. ನಾರಾಯಣ್ ಅವರು ೧೯೩೫ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಲ್ಲಿ ಮಾಲ್ಗುಡಿ ಎಂಬ ಕಲ್ಪಿತ ಊರನ್ನು ಸೃಷ್ಟಿಸಿದರು. ಆ ಊರು ತಮ್ಮ ಮನಸ್ಸಿಗೆ ಹೊಳೆದಾಗ ಮೊದಲು ಕಂಡದ್ದು ಅದರ ರೈಲು ನಿಲ್ದಾಣವೆಂದು ಅವರೇ ತಿಳಿಸಿದ್ದಾರೆ. ೧೯೮೦ರ ದಶಕದಲ್ಲಿ ಶಂಕರ್ ನಾಗ್ ಅವರು ಮಾಲ್ಗುಡಿಯ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದಾಗ, ಊರಿನ ಪಾತ್ರವನ್ನು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೂ ನಿಲ್ದಾಣದ ಪಾತ್ರವನ್ನು ಅರಸಾಳೂ ವಹಿಸಿದುವು. ಹಳಿ ಅಗಲವಾಗಿ ಹೊಸ ನಿಲ್ದಾಣ ಬಂದಮೇಲೆ ಹಳೆಯ ಕಟ್ಟಡ ಕೆಲಸವಿಲ್ಲದೆ ಪಾಳುಬಿದ್ದಿತ್ತು. ಅದನ್ನು ದುರಸ್ತಿಮಾಡಿ ೨೦೨೦ರಲ್ಲಿ ಮಾಲ್ಗುಡಿ ಸಂಗ್ರಹಾಲಯವಾಗಿ ತೆರೆದರು. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರು ಇದರ ರೂಪಣೆಯಲ್ಲೂ ಕೈಗೂಡಿಸಿದರು. ಹಳೆಯ ಮೀಟರ್ ಗೇಜಿನ ಬೋಗಿಯನ್ನು ಅಲ್ಲಿ ನಿಲ್ಲಿಸಿ ಚಹಾದ ಅಂಗಡಿಗೆ ಎಡೆಮಾಡಿದ್ದಾರೆ.

ಮೊದಲು ಇದರ ಗುಣವನ್ನು ಹೇಳುವುದು ನ್ಯಾಯ. ಕಲ್ಪನೆಯ ಊರೊಂದು ನಿಜವಾದ ಕಟ್ಟಡವನ್ನು ಉಳಿಸಿತು. ಸಾಹಿತ್ಯವು ಲೋಕಕ್ಕೆ ಮಾಡಬಹುದಾದ ಉಪಕಾರಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸಿರಲಾರರು. ಆದರೆ ಅರಸಾಳಿನಲ್ಲಿ ಅದು ಸಂಭವಿಸಿದೆ. ಕಥೆಯ ಆಸರೆಯಿಲ್ಲದಿದ್ದರೆ ಆ ಕಟ್ಟಡದ ಕಡೆಗೆ ಯಾರ ಕಣ್ಣೂ ಹೊರಳುತ್ತಿರಲಿಲ್ಲವೆಂದು ನಾವು ಊಹಿಸಿದರೆ ತಪ್ಪಾಗಲಾರದು. ಅಲ್ಲದೆ, ಬಂಡಿಯನ್ನು ನಗರಕ್ಕೆ ಸಾಗಿಸದೆ, ನಿಲ್ದಾಣವನ್ನು ಅದು ಹುಟ್ಟಿದ ಸ್ಥಳದಲ್ಲಿಯೇ, ಹಳಿಯ ಮಗ್ಗುಲಲ್ಲಿಯೇ, ರಕ್ಷಿಸಿರುವುದು ಮೈಸೂರಿನ ಸಂಗ್ರಹಾಲಯಕ್ಕೂ ಇಲ್ಲದ ಸೌಭಾಗ್ಯ.

ಆದರೆ ಈ ರಕ್ಷಣೆಗೆ ಕಟ್ಟಡ ಬೆಲೆ ತೆರಬೇಕಾಯಿತು. ಅರಸಾಳು ಉಳಿದದ್ದು ಅರಸಾಳಾಗಿ ಅಲ್ಲ, ಮಾಲ್ಗುಡಿಯಾಗಿ. ಅಲ್ಲಿಗೆ ಬರುವವರು ಕಾಣಬಯಸುವುದು ಸ್ವಾಮಿಯನ್ನೂ ಅವನ ಗೆಳೆಯರನ್ನೂ. ಆ ನಿಲ್ದಾಣದಲ್ಲಿ ನಿಜವಾಗಿ ಟಿಕೀಟು ಕೊಂಡವರು ಯಾರು, ಯಾವ ಸರಕು ಅಲ್ಲಿಂದ ಹೊರಟಿತು, ಮಳೆಗಾಲದ ರಾತ್ರಿಯಲ್ಲಿ ಕಂದೀಲು ಹಿಡಿದು ನಿಂತ ಸ್ಟೇಷನ್ ಮಾಸ್ಟರರ ದಿನಚರಿ ಹೇಗಿತ್ತು ಎಂಬುದನ್ನಲ್ಲ. ನಟನೊಬ್ಬ ರಾಜನ ವೇಷವನ್ನು ಚೆನ್ನಾಗಿ ಕಟ್ಟಿದನೆಂದು ಅವನನ್ನು ಮುಂದೆ ಅದೇ ಹೆಸರಿನಿಂದ ಕರೆಯುವುದುಂಟು. ಅದು ಮೆಚ್ಚುಗೆಯೇ ಸರಿ. ಆದರೆ ಅವನ ಸ್ವಂತ ಹೆಸರು ಮನೆಯವರಿಗೂ ಮರೆತುಹೋಗುವಂತಾದರೆ ಆ ಮೆಚ್ಚುಗೆಯನ್ನು ಪೂರ್ಣವಾದ ಗೌರವವೆನ್ನಲಾಗದು. ಮೈಸೂರಿನಲ್ಲಿ ಅರಮನೆ ಮುಂದೆ ಬಂದು ಮಾರ್ಗ ಹಿಂದೆ ಸರಿಯಿತು. ಅರಸಾಳಿನಲ್ಲಿ ಕಥೆ ಮುಂದೆ ಬಂದು ಮಾರ್ಗ ಹಿಂದೆ ಸರಿಯಿತು. ಎರಡು ಸಂಗ್ರಹಾಲಯಗಳ ಸ್ವಭಾವ ಬೇರೆಬೇರೆ. ಕೊರತೆ ಮಾತ್ರ ಒಂದೇ.

೪

ನಮ್ಮ ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸಂಗ್ರಹಾಲಯ ಜನರ ವಿನೋದಕ್ಕಾಗಿ ಇರುವುದು, ಅದರಿಂದ ಪ್ರೌಢಪ್ರಬಂಧವನ್ನು ನಿರೀಕ್ಷಿಸುವುದು ಅನ್ಯಾಯ ಎಂಬುದು ಮೊದಲನೆಯದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಭಾನುವಾರದ ಮಧ್ಯಾಹ್ನ ಮಕ್ಕಳೊಡನೆ ಬಂದ ಸಂಸಾರಸ್ಥನಿಗೆ ಗೇಣಿಶಾಸನದ ಚರಿತ್ರೆಯನ್ನು ಬೋಧಿಸಲಾಗದು. ಆದರೆ ವಿನೋದಕ್ಕೂ ತಿಳಿವಳಿಕೆಗೂ ಹಗೆತನವಿದೆಯೆಂದು ನಾವು ಒಪ್ಪಲಾರೆವು. ಒಂದೇ ಹಳಿಯ ಮಾರ್ಗದಲ್ಲಿ ಎರಡು ಬಂಡಿಗಳು ಎದುರುಬದುರಾಗದಂತೆ ತಡೆಯುತ್ತಿದ್ದ ಟೋಕನ್ನಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಮುಂದಿನ ನಿಲ್ದಾಣದವರ ಒಪ್ಪಿಗೆ ದೊರೆತ ಹೊರತು ಯಂತ್ರದಿಂದ ಟೋಕನ್ನು ಹೊರಬಾರದು. ಟೋಕನ್ನು ಕೈಗೆ ಬಂದ ಹೊರತು ಡ್ರೈವರು ಬಂಡಿಯನ್ನು ಹೊರಡಿಸುವಂತಿಲ್ಲ. ಒಂದು ಟೋಕನ್ನು ಹೊರಗಿರುವವರೆಗೆ ಆ ಎರಡು ನಿಲ್ದಾಣಗಳ ನಡುವೆ ಇನ್ನೊಂದು ಹೊರಬೀಳುವಂತಿಲ್ಲ. ಇಷ್ಟನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ಆಡಿಸಿ ತೋರಿಸಿದರೆ ಅವನು ಎಂಜಿನಿನ ಗಾತ್ರವನ್ನು ಮರೆತರೂ ಇದನ್ನು ಮರೆಯಲಾರ. ನೂರಾರು ಜನರ ಪ್ರಾಣ ಒಂದು ತುಂಡು ಲೋಹದ ಮೇಲೆ, ಅದನ್ನು ಕೊಟ್ಟು ತೆಗೆದುಕೊಳ್ಳುವ ಇಬ್ಬರ ನಿಷ್ಠೆಯ ಮೇಲೆ ನಿಂತಿತ್ತೆಂಬುದು ವಿನೋದವೂ ಹೌದು, ವಿದ್ಯೆಯೂ ಹೌದು.

ಮಾರ್ಗವೆಂಬುದು ಮೈಲಿಗಟ್ಟಲೆ ಉದ್ದದ ವಸ್ತು, ಅದನ್ನು ಮಂಟಪದೊಳಗೆ ತಂದಿಡುವುದು ಹೇಗೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಲೋಕದ ಅನುಭವದಲ್ಲಿಯೇ ಉತ್ತರವಿದೆ. ಯುನೆಸ್ಕೋ ಸಂಸ್ಥೆ ೧೯೯೯ರಲ್ಲಿ ಡಾರ್ಜಿಲಿಂಗಿನ ಬೆಟ್ಟದ ರೈಲನ್ನೂ, ೨೦೦೫ರಲ್ಲಿ ನೀಲಗಿರಿಯದನ್ನೂ, ೨೦೦೮ರಲ್ಲಿ ಕಾಲ್ಕಾ-ಶಿಮ್ಲಾ ರೈಲನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಮನ್ನಣೆ ಪಡೆದದ್ದು ಒಂದೊಂದು ಎಂಜಿನಲ್ಲ. ಹಳಿ, ಸೇತುವೆ, ನಿಲ್ದಾಣ, ಓಡುವ ಬಂಡಿಗಳೆಲ್ಲ ಕೂಡಿದ ಇಡಿಯ ಮಾರ್ಗ. ಮೈಸೂರಿಗೆ ನೆರೆಯದಾದ ನೀಲಗಿರಿಯಲ್ಲಿ ಸಾಧ್ಯವಾದುದು ನಮ್ಮಲ್ಲಿ ಅದೇ ರೂಪದಲ್ಲಿ ಇನ್ನು ಸಾಧ್ಯವಿಲ್ಲ. ತಾಳಗುಪ್ಪದ ಮೀಟರ್ ಗೇಜ್ ಹಳಿ ಹೋಗಿಯೇಬಿಟ್ಟಿದೆ. ತರೀಕೆರೆಯಿಂದ ನರಸಿಂಹರಾಜಪ���ರಕ್ಕೆ ಹೋಗುತ್ತಿದ್ದ ಎರಡಡಿ ಅಗಲದ ಕಿರುಹಳಿಯೂ ಇಂದು ಇಲ್ಲ. ಆದರೆ ಮಾರ್ಗವನ್ನೇ ಘಟಕವಾಗಿ ಭಾವಿಸುವ ದೃಷ್ಟಿಯನ್ನು ಸ್ವೀಕರಿಸುವುದಕ್ಕೆ ಹಳಿ ಉಳಿದಿರಲೇಬೇಕೆಂಬ ನಿಯಮವಿಲ್ಲ. ಅಳಿದ ಗ್ರಂಥವನ್ನು ಉಲ್ಲೇಖಗಳಿಂದ ಪುನಾರಚಿಸುವ ವಿದ್ಯೆ ನಮ್ಮ ವಿದ್ವಾಂಸರಿಗೆ ಹೊಸದಲ್ಲ. ಅಳಿದ ಮಾರ್ಗಕ್ಕೂ ಅದೇ ವಿದ್ಯೆ ಸಲ್ಲುತ್ತದೆ.

೫

ದೋಷವನ್ನು ಎತ್ತಿ ತೋರಿಸಿ ಸುಮ್ಮನಾಗುವುದು ವಿಮರ್ಶಕನಿಗೆ ತಕ್ಕುದಲ್ಲವಾದುದರಿಂದ ನಮಗೆ ತೋರಿದ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಮೊತ್ತದ ಹಣ ಬೇಕಾಗಿಲ್ಲ.

ಮೊದಲನೆಯದಾಗಿ, ಸಣ್ಣ ವಸ್ತುಗಳನ್ನು ಕೂಡಿಸಬೇಕು. ಕಂಪ್ಯೂಟರಿನ ಟಿಕೀಟು ಬರುವ ಮುಂಚೆ ರಟ್ಟಿನ ಗಟ್ಟಿ ಟಿಕೀಟುಗಳಿದ್ದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಎಂಬಾತ ಕಂಡುಹಿಡಿದ ಆ ಪದ್ಧತಿ ಲೋಕವನ್ನೆಲ್ಲ ವ್ಯಾಪಿಸಿ ನಮ್ಮ ಹಳ್ಳಿಯ ನಿಲ್ದಾಣದವರೆಗೂ ಬಂದಿತ್ತು. ಹೊರಟ ಊರು, ಸೇರುವ ಊರು, ದರ್ಜೆ, ದರ, ದಿನಾಂಕ ಇಷ್ಟನ್ನೂ ಎರಡು ಅಂಗುಲದ ರಟ್ಟು ಹೇಳುತ್ತದೆ. ಒಂದು ಮಾರ್ಗದ ಎಲ್ಲ ನಿಲ್ದಾಣಗಳ ಟಿಕೀಟುಗಳನ್ನು ಸಾಲಾಗಿ ಜೋಡಿಸಿದರೆ ಅದು ಆ ಸೀಮೆಯ ಜನಸಂಚಾರದ ಶಾಸನವಾಗುತ್ತದೆ. ಮಲೆನಾಡಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮದುವೆಯ ಕರೆಯೋಲೆಗಳ ನಡುವೆ ಇಂತಹವು ಇನ್ನೂ ಸಿಕ್ಕಬಹುದು.

ಎರಡನೆಯದಾಗಿ, ಬಾಯಿಮಾತಿನ ಆಕರಗಳನ್ನು ಬರೆದಿಟ್ಟುಕೊಳ್ಳಬೇಕು. ಮೀಟರ್ ಗೇಜಿನ ಕಾಲದಲ್ಲಿ ದುಡಿದ ಗ್ಯಾಂಗ್‌ಮನ್ನುಗಳು, ಪಾಯಿಂಟ್ಸ್‌ಮನ್ನುಗಳು, ಅಡಕೆಯ ಮೂಟೆಗಳನ್ನು ನಿಲ್ದಾಣಕ್ಕೆ ಹೊಡೆದ ಗಾಡಿಯವರು, ಶಾಲೆಗೆ ರೈಲ್ ಬಸ್ಸಿನಲ್ಲಿ ಹೋದವರು, ಮುಳುಗಡೆಯ ವರ್ಷಗಳಲ್ಲಿ ಊರು ಬಿಟ್ಟವರು, ಇವರಲ್ಲಿ ಹಲವರು ವೃದ್ಧರಾಗಿದ್ದಾರೆ; ಮೊದಲ ತಲೆಮಾರಿನವರು ಅನೇಕರು ತೀರಿಕೊಂಡಿದ್ದಾರೆ. ಎಂಜಿನು ಇನ್ನೂ ನೂರು ವರ್ಷ ನಿಂತೀತು. ಅದನ್ನು ನಡೆಸಿದವನ ನೆನಪು ಅಷ್ಟು ಕಾಲ ನಿಲ್ಲದು. ಸಂಶೋಧನೆಯ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಿದರೆ ವಿಶ್ವವಿದ್ಯಾನಿಲಯವೂ ರೈಲ್ವೆಯೂ ಕೂಡಿ ನಡೆಯುವುದಕ್ಕೆ ಒಂದು ದಾರಿಯಾದೀತು.

ಮೂರನೆಯದಾಗಿ, ಅರಸಾಳಿನಲ್ಲಿ ಮಾಲ್ಗುಡಿಯ ಜತೆಗೆ ಅರಸಾಳಿಗೂ ಒಂದು ಕೋಣೆ ಬೇಕು. ಕಥೆಯನ್ನು ತೆಗೆದುಹಾಕಬೇಕೆಂದು ನಾವು ಹೇಳುತ್ತಿಲ್ಲ. ಕಥೆಯಿಂದ ಬಂದ ಜನ ಚರಿತ್ರೆಯನ್ನೂ ಕಂಡು ಹೋಗಲಿ ಎಂಬುದಷ್ಟೇ ನಮ್ಮ ಆಶಯ. ೧೯೪೦ರ ಮಾರ್ಗದ ನಕ್ಷೆ, ನೀರು ನಿಲ್ಲುವ ಮುಂಚಿನ ಶರಾವತಿ ಕಣಿವೆಯ ನಕ್ಷೆ, ನೀರು ನಿಂತಮೇಲಿನ ನಕ್ಷೆ, ಈ ಮೂರನ್ನೂ ಒಂದೇ ಗೋಡೆಯ ಮೇಲೆ ಒಂದರ ಪಕ್ಕದಲ್ಲೊಂದು ತೂಗುಹಾಕಿದರೆ ಸಾಕು. ಹಳಿ ಎಲ್ಲಿದೆ, ಊರು ಎಲ್ಲಿತ್ತು, ನೀರು ಎಲ್ಲಿಯವರೆಗೆ ಬಂತು ಎಂಬುದನ್ನು ಅಕ್ಷರ ಬಾರದವರೂ ಓದಿಕೊಳ್ಳಬಲ್ಲರು.

ನಾಲ್ಕನೆಯದಾಗಿ, ರೈಲು ಎಂಬ ಮಾತಿನ ಅರ್ಥವನ್ನು ವಿಸ್ತರಿಸಿಕೊಳ್ಳಬೇಕು. ಜೋಗದ ಕಮರಿಯಲ್ಲಿ ವಿದ್ಯುದಾಗಾರಕ್ಕೆ ಇಳಿಯುವುದಕ್ಕಾಗಿ ಉಕ್ಕಿನ ಹಗ್ಗದಿಂದ ಎಳೆಯುವ ಟ್ರಾಲಿಯ ಕಡಿದಾದ ಹಳಿಯೂ ಹಳಿಯೇ. ಶರಾವತಿಯ ಹಿನ್ನೀರಿನಲ್ಲಿ ಜನವನ್ನೂ ವಾಹನಗಳನ್ನೂ ದಶಕಗಳ ಕಾಲ ದಾಟಿಸಿದ ಲಾಂಚುಗಳು ರೈಲಲ್ಲವಾದರೂ, ಮುಳುಗಡೆಯಿಂದಾಗಿ ನಡುಗಡ್ಡೆಗಳಂತಾದ ಊರುಗಳ ಪಾಲಿಗೆ ರೈಲು ಮಾಡಬೇಕಾಗಿದ್ದ ಕೆಲಸವನ್ನು ಅವು ಮಾಡಿದುವು. ೨೦೨೫ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿಗಳ ನಡುವೆ ಸಿಗಂದೂರಿನ ಸೇತುವೆ ತೆರೆದಮೇಲೆ ಆ ಕಡವಿನ ಲಾಂಚುಗಳು ಬಳಕೆಯಿಂದ ನೆನಪಿಗೆ ಸರಿಯುವ ಹೊತ್ತು ಬಂದಿದೆ. ಮೀಟರ್ ಗೇಜು ಹೋದಾಗ ಆದಂತೆಯೇ ಇಲ್ಲಿಯೂ ಆಗಬಾರದು. ವಸ್ತು ಬಳಕೆಯಲ್ಲಿರುವಾಗ ಅದು ಸಂಗ್ರಹಯೋಗ್ಯವೆಂದು ತೋರುವುದಿಲ್ಲ; ಸಂಗ್ರಹಯೋಗ್ಯವೆಂದು ತೋರುವ ವೇಳೆಗೆ ಅದು ಸಿಕ್ಕುವುದಿಲ್ಲ. ಈ ಎರಡರ ನಡುವಿನ ಅಲ್ಪಕಾಲವನ್ನು ಗುರುತಿಸುವುದೇ ಸಂಗ್ರಾಹಕನ ವಿವೇಕ.

ಹುಬ್ಬಳ್ಳಿಯಲ್ಲಿಯೂ ೨೦೨೦ರಲ್ಲಿ ರೈಲು ಸಂಗ್ರಹಾಲಯ ಪ್ರಾರಂಭವಾಗಿದೆ. ಹೀಗೆ ಈ ಬಗೆಯ ಸಂಸ್ಥೆಗಳು ನಾಡಿನಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಸಂಖ್ಯೆ ಬೆಳೆದಂತೆ ದೃಷ್ಟಿಯೂ ಬೆಳೆಯಬೇಕು. ಬಂಡಿ ಕಣ್ಣಿಗೆ ಕಾಣುತ್ತದೆ, ಬಣ್ಣ ಬಳಿದರೆ ಹೊಳೆಯುತ್ತದೆ, ಅದರ ಮುಂದೆ ನಿಂತು ಜನ ಚಿತ್ರ ತೆಗೆಸಿಕೊಳ್ಳುತ್ತಾರೆ. ಮಾರ್ಗ ಹಾಗಲ್ಲ, ಅದನ್ನು ಕಾಣಬೇಕಾದರೆ ಅದು ಕೂಡಿಸಿದ ಊರುಗಳನ್ನೂ ಅಗಲಿಸಿದ ಊರುಗಳನ್ನೂ ತಿಳಿದಿರಬೇಕು. ರೈಲು ಬಂದದ್ದು ಬಂಡಿಯನ್ನು ತೋರಿಸುವುದಕ್ಕಲ್ಲ, ಒಂದು ಊರಿನವರನ್ನು ಇನ್ನೊಂದು ಊರಿಗೆ ಮುಟ್ಟಿಸುವುದಕ್ಕೆ. ಅದರ ಸಂಗ್ರಹಾಲಯವೂ ನೋಡಬಂದವರನ್ನು ಬಂಡಿಯ ಬಳಿಯಲ್ಲೇ ನಿಲ್ಲಿಸದೆ ಅದು ಓಡಿದ ಊರುಗಳವರೆಗೆ ಕರೆದೊಯ್ದಾಗ ತನ್ನ ಹೆಸರಿಗೆ ತಕ್ಕುದಾಗುತ್ತದೆಂದು ನಮ್ಮ ನಂಬಿಕೆ.